ಸಿವಂಗಿಯ ಸೋದರಮಾವ

ಹುಲ್ಲೇಗಟ್ಟದ ದೊರೆ ಮಲ್ಲರಸನಾಯಕರಿಗೆ ಮಧ್ಯಾಹ್ನ ಉಂಡ ಮೇಲೆ ಏನಾದರೊಂದು ಘನಕಾರ್ಯ ಹೊಳೆಯುತ್ತಿತ್ತು. ಒಂದು ನಿದ್ದೆ ತೆಗೆದು ಎದ್ದರೆ ಮರೆತುಹೋಗುತ್ತಿತ್ತು, ಊರು ಬದುಕುತ್ತಿತ್ತು. ಆ ದಿನ ಅವರಿಗೆ ನಿದ್ದೆ ಬರಲಿಲ್ಲ.

ನೆಟ್ಟಗೆ ಓಲಗಕ್ಕೆ ಬಂದರು. ಸಿಂಹಾಸನಕ್ಕೆ ಹಾಸಿದ್ದ ಚುಕ್ಕೆ ಚರ್ಮದ ಮೇಲೆ ಕೂತು ಮೀಸೆ ತೀಡಿದರು.

“ನಮ್ಮ ತಾತನ ಕಾಲದಲ್ಲಿ ಊರಾಚೆಯ ಹುಲ್ಲಿನ ಕಾವಲಲ್ಲಿ ಸಿವಂಗಿಗಳಿದ್ದವು, ಚಿರತೆಯ ದಾಯಾದಿಗಳು. ಗಾಳಿಯನ್ನೇ ಹಿಂದೆ ಹಾಕಿ ಓಡುತ್ತಿದ್ದವು. ಈಗ ಒಂದೂ ಇಲ್ಲ. ಪರದೇಶದಿಂದ ತರಿಸಿ ಮತ್ತೆ ಬಿಡುತ್ತೇವೆ. ಇಂಥ ಕೆಲಸ ಭೂಮಿಯ ಮೇಲೆ ಇನ್ಯಾವ ದೊರೆ ಮಾಡಿದ್ದಾನೆ?”

ಯಾರೂ ಮಾಡಿಲ್ಲ ಎಂದು ಓಲಗವೆಲ್ಲ ಒಂದೇ ಉಸಿರಿಗೆ ಅಂದಿತು. ಓಲಗಕ್ಕೆ ಸಂಬಳ ಕೊಡುವುದೇ ಅದಕ್ಕೆ.

ದಳವಾಯಿ ಜಂಪಣ್ಣ ಮುಂದೆ ಬಂದ. ಇವನ ಕತೆ ಬೇರೆಯೇ ಇದೆ, ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ, ಆದರೂ ಸ್ವಲ್ಪ ತಡೆಯಿರಿ.

“ಮಹಾಸ್ವಾಮಿ, ಕಾವಲಲ್ಲಿ ಕುರುಬರು ಹಟ್ಟಿ ಹಾಕಿಕೊಂಡಿದ್ದಾರೆ. ಬರುವ ಅಮಾವಾಸ್ಯೆಯೊಳಗೆ ಅವರನ್ನು ಎಬ್ಬಿಸಿದರೆ ಸಿವಂಗಿಗೆ ಜಾಗವಾಗುತ್ತದೆ.”

“ಎಬ್ಬಿಸು,” ಅಂದರು ದೊರೆ.

ಸಂಜೆ ಹಟ್ಟಿಯ ಹಿರಿಯಳು ಮಾಳವ್ವ ಸೂರಪ್ಪನ ಜಗಲಿಗೆ ಬಂದು ಕೂತಳು. ಸೂರಪ್ಪ ಅಂದರೆ, ದೊರೆಗೆ ಎದುರು ಮಾತಾಡಿಯೂ ಕುತ್ತಿಗೆ ಉಳಿಸಿಕೊಂಡಿದ್ದ ಒಬ್ಬನೇ ಆಸ್ಥಾನಿಕ.

“ನಮ್ಮತ್ತೆ ಕಣ್ಮುಚ್ಚಿದ್ದು ಆ ಕಾವಲಾಗೆ, ನಾನು ಹೆತ್ತಿದ್ದು ಆ ಕಾವಲಾಗೆ. ಈಗ ಕುರಿ ಹೊಡ್ಕೊಂಡು ಎಲ್ಲಿಗೆ ಹೋಗ್ಲಪ್ಪ?”

“ಆ ಪ್ರಾಣಿ ಮೇಲೆ ನಿನಗೆ ಸಿಟ್ಟಾ, ಮಾಳವ್ವ?”

“ಅದ್ರ ಮೇಲ್ಯಾಕೆ ಸಿಟ್ಟು? ತೋಳ ತಿನ್ನಲ್ವಾ? ತಿಂದ್ರೆ ಅದ್ರ ಪಾಲು ಅಂತೀವಿ. ಜಂಪಣ್ಣನ ಹಂಗೆ ಅದು ಹಟ್ಟೀಗೆ ಹಟ್ಟೀನೇ ನುಂಗಲ್ಲ.”

ಮರುದಿನ ಸೂರಪ್ಪ ಜರಿಪೇಟ ಸುತ್ತಿ, ಎಲೆಅಡಿಕೆ ತಟ್ಟೆ ಹಿಡಿದು ಓಲಗಕ್ಕೆ ಬಂದ. ಬಂದವನು ಕೈಮುಗಿಯಲಿಲ್ಲ. ದೊರೆಯ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತ.

“ಇದೇನಯ್ಯ, ನಮ್ಮ ಮುಂದೆ ಕೂತೆ?”

“ಬೀಗರು ನಿಂತು ಮಾತಾಡುವ ಪದ್ಧತಿ ಎಲ್ಲೂ ಇಲ್ಲ, ಮಹಾಸ್ವಾಮಿ. ನಾನು ಸಿವಂಗಿಯ ಸೋದರಮಾವ. ಹೆಣ್ಣಿನ ಕಡೆಯವನು.”

ನಗಬೇಕೋ ಬೇಡವೋ ಎಂದು ಓಲಗ ದೊರೆಯ ಮೀಸೆ ನೋಡಿತು.

“ಪರದೇಶದ ಹೆಣ್ಣನ್ನು ನಿಮ್ಮ ಸೀಮೆಗೆ ತುಂಬಿಸಿಕೊಳ್ಳುತ್ತಿದ್ದೀರಿ. ಬಡವರ ಮನೆ ಹುಡುಗಿಗೂ ಯಾರಾದರೊಬ್ಬರು ಮುಂಚೆ ಹೋಗಿ ಮನೆ ನೋಡಿಕೊಂಡು ಬರುತ್ತಾರೆ. ಬಾವಿ ಎಷ್ಟು ದೂರ, ಹಗೇವಿನಲ್ಲಿ ಕಾಳಿದೆಯೋ ಇಲ್ಲವೋ, ಅತ್ತೆಯ ಬಾಯಿ ಎಂಥದ್ದು. ಈ ಕೂಸಿಗೆ ಹಿಂದೆ ಮುಂದೆ ಯಾರೂ ಇಲ್ಲ. ಅದಕ್ಕೆ ನಾನು ಬಂದೆ.”

ಶಾಸ್ತ್ರ ಅಂದ ಮೇಲೆ ದೊರೆಯಾದರೇನು. “ನಡಿ, ನೋಡು,” ಅಂದರು. ಪಲ್ಲಕ್ಕಿ ಕಾವಲಿಗೆ ಹೊರಟಿತು.

ಸೂರಪ್ಪ ಕೈ ಹಿಂದಕ್ಕೆ ಕಟ್ಟಿಕೊಂಡು, ಹೆಣ್ಣಿನ ಕಡೆಯವರ ಹಾಗೆಯೇ ಮೂಗು ಮೇಲೆ ಮಾಡಿಕೊಂಡು ನಡೆದ.

“ಹುಡುಗಿಯ ಊಟಕ್ಕೇನಿದೆ?”

“ಜಿಂಕೆ,” ಅಂದ ಜಂಪಣ್ಣ.

“ಎಲ್ಲಿ, ತೋರಿಸಿ.”

“ಬೇಟೆಯಲ್ಲಿ ಖರ್ಚಾದವು.”

“ಖರ್ಚು ಮಾಡಿದವರು ಯಾರೋ?”

ದೊರೆ ಮಳೆ ಬರುವ ಹಾಗಿದೆಯೇ ಎಂದು ಆಕಾಶ ನೋಡಿದರು.

“ಅಡುಗೆಮನೆ ಬರಿದು,” ಅಂದ ಸೂರಪ್ಪ. “ನೆರೆಹೊರೆ ಹೇಗೋ?”

ಹಟ್ಟಿಯಿಂದ ಮಾಳವ್ವ ಮಜ್ಜಿಗೆ ತಂದಳು. “ಹೆಣ್ಣು ಬರ್ಲಿ ಸ್ವಾಮಿ, ಬ್ಯಾಡ ಅನ್ನಲ್ಲ. ಆದ್ರೆ ನಿಮ್ಮನ್ಯಾಗೆ ಕೂಳಿಲ್ದಿದ್ರೆ ದಿನಾ ನಮ್ಮನೇಗೇ ಬರ್ತಾಳೆ. ಅದು ನಿಮಗೂ ಮರ್ಯಾದೆ ಅಲ್ಲ.”

ದೊರೆ ಮಜ್ಜಿಗೆ ಕುಡಿದರು, ಮಾತನ್ನೂ ನುಂಗಿದರು.

ಹಳ್ಳದ ಪಕ್ಕ, ಹುಲ್ಲು ಸೊಂಪಾಗಿ ಬೆಳೆಯುವ ಜಾಗಕ್ಕೆ ಸುತ್ತ ಕಳ್ಳಿ ಬೇಲಿ. ಒಳಗೊಂದು ಮಾಳಿಗೆ ಮನೆ, ಮಲ್ಲಿಗೆ ಚಪ್ಪರ, ಉಯ್ಯಾಲೆ.

“ಇದು ಯಾರ ಮನೆ?”

“ಹಾಳು ಬಿದ್ದಿದೆ,” ಅಂದ ಜಂಪಣ್ಣ. “ದೆವ್ವ ಇದೆ ಅನ್ನುತ್ತಾರೆ. ಆ ಕಡೆ ಹೋಗುವುದು ಬೇಡ.”

ಅಷ್ಟರಲ್ಲಿ ಬಾಗಿಲು ತೆರೆದು ಒಬ್ಬಳು ಹೊರಬಂದಳು. ಮುಡಿ ತುಂಬ ಹೂ, ಬಾಯಿ ತುಂಬ ಎಲೆಅಡಿಕೆ, ನಾಗಸಂಪಿಗೆ ಅಂತ ಹೆಸರು. ಜಂಪಣ್ಣನ ಪೇಟವೊಂದನ್ನೇ ಕಂಡಳೋ ಏನೋ, ನಕ್ಕಳು.

“ಇವತ್ತು ಹಗಲೇ ಬಂದ್ರಾ ದಳವಾಯಿಗಳೇ? ಇನ್ನೂ ಎಣ್ಣೆನೀರಿಗೆ ಹಂಡೆ ಇಟ್ಟಿಲ್ಲ.”

ಈ ಸಂಗತಿ ಊರಿಗೆಲ್ಲ ಗೊತ್ತಿತ್ತು, ಜಂಪಣ್ಣನ ಹೆಂಡತಿಗೆ ಮಾತ್ರ ಗೊತ್ತಿರಲಿಲ್ಲ. ಸಂಜೆ ದೀಪ ಹಚ್ಚುವ ಮುಂಚೆ ಅವಳಿಗೂ ಗೊತ್ತಾಯಿತು. ಹೇಗೆ ಅಂತ ನನ್ನ ಕೇಳಬೇಡಿ.

“ದೆವ್ವ ಚೆನ್ನಾಗಿದೆ,” ಅಂದ ಸೂರಪ್ಪ. “ಕುರಿಹಟ್ಟಿ ಕಾವಲಿಗೆ ಅಡ್ಡ, ಉಯ್ಯಾಲೆ ಅಡ್ಡವಲ್ಲ. ತಿಳಿಯಿತು. ಹಟ್ಟಿಯೂ ಎದ್ದರೆ ಬೇಲಿ ಇನ್ನಷ್ಟು ಅಗಲವಾಗುತ್ತದೆ, ಅಲ್ಲವೇ ದಳವಾಯಿಗಳೇ?”

ಓಲಗಕ್ಕೆ ಮರಳಿದ ದೊರೆಯ ಮುಖ ಕೆಂಪಾಗಿತ್ತು. ಚರ್ಮದ ಮೇಲೆ ಧಪ್ಪನೆ ಕೂತರು.

“ಜಂಪಣ್ಣನ ಬೇಲಿ ಕೀಳಿಸಿ, ಮನೆ ಕೆಡವಿಸಿ, ಹುಲ್ಲು ಬೆಳೆಯಲು ಬಿಡುತ್ತೇವೆ. ಜಿಂಕೆ ಮರಿ ಹಾಕಿ ಹೆಚ್ಚುವವರೆಗೆ ಬೇಟೆ ಇಲ್ಲ. ಮಾಳವ್ವನ ಹಟ್ಟಿ ಇದ್ದಲ್ಲೇ ಇರಲಿ. ಈಗ ಹೇಳಯ್ಯ ಮಾವ, ಹೆಣ್ಣು ಕೊಡುತ್ತೀಯೋ ಇಲ್ಲವೋ?”

“ಎಲ್ಲ ಒಪ್ಪಿಗೆ, ಮಹಾಸ್ವಾಮಿ. ಒಂದೇ ಮಾತು ಉಳಿದಿದೆ. ನಿಮ್ಮದು ಎರಡನೇ ಸಂಬಂಧ. ಎರಡನೇ ಸಂಬಂಧಕ್ಕೆ ಹೆಣ್ಣು ಕೊಡುವವರು ಒಂದನ್ನು ಕೇಳದೆ ತಾಂಬೂಲ ಮುಟ್ಟುವುದಿಲ್ಲ. ಮೊದಲನೆಯವಳು ಏನಾದಳು?”

ದೊರೆ ಮೀಸೆಗೆ ಕೈ ಹಾಕಿದರು.

“ಕಾಯಿಲೆ ಬಿದ್ದು ಹೋದಳು ಅಂದುಕೊಂಡಿದ್ದೆ. ಒಂದು ಗಳಿಗೆ ಎದ್ದು ನಿಲ್ಲುತ್ತೀರಾ?”

ದೊರೆ ಎದ್ದು ಹಿಂದಿರುಗಿ ನೋಡಿದರು. ತಾತ ಹೊಡೆದ ಕಟ್ಟಕಡೆಯ ಸಿವಂಗಿ, ಚುಕ್ಕೆ ಒಂದೂ ಮಾಸದೆ, ಸಿಂಹಾಸನದ ಮೇಲೆ ಕಾಲು ಚಾಚಿ ಹರಡಿತ್ತು.

“ಮೊದಲನೆಯವಳನ್ನು ಹಾಸಿಕೊಂಡು ಕೂತು ಎರಡನೆಯವಳನ್ನು ಕೇಳುವ ಮನೆಗೆ, ಮಹಾಸ್ವಾಮಿ, ನಾವು ಹೆಣ್ಣು ಕೊಡುವುದಿಲ್ಲ.”

ದೊರೆ ಹೊಟ್ಟೆ ಕುಲುಕುವಂತೆ ನಕ್ಕು, ಕೈಯ ಕಡಗ ಕಳಚಿ ಸೂರಪ್ಪನಿಗೆ ಕೊಟ್ಟರು. ಸಿಂಹಾಸನಕ್ಕೆ ಮಾಳವ್ವನ ಹಟ್ಟಿಯಿಂದ ಕರಿಕಂಬಳಿ ತರಿಸಿ ಹಾಸಿದರು.

“ಚುಚ್ಚುತ್ತದಲ್ಲಯ್ಯ,” ಅಂದರು ಕೂತು.

“ಚುಚ್ಚಲಿ,” ಅಂದ ಸೂರಪ್ಪ. “ಹುಲ್ಲು ಬೆಳೆಯುವವರೆಗೆ ಮರೆಯಬಾರದು.”