ಎಣಿಕೆಗೆ ಸಿಗದ ಹಿಂಡು

ನದಿಯಂಚಿನ ಕಾಡಿಗೆ ಒಂದು ದೋಣಿ ಬಂತು. ಅದರಲ್ಲಿದ್ದವರು ದುರ್ಬೀನು ಹಿಡಿದು ಮರಮರವನ್ನೂ ನೋಡುತ್ತಿದ್ದರು.

"ಸಿಂಗಳೀಕಗಳು ಎಷ್ಟಿವೆ ಎಂದು ಎಣಿಸಲು ಬಂದಿದ್ದಾರೆ, ಸ್ವಲ್ಪ ಮುಖ ತೋರಿಸಿ" ಎಂದಿತು ನೀರುನಾಯಿ.

"ಎಣಿಸುವುದು ಯಾತಕ್ಕೆ? ಹಿಡಿಯುವುದಕ್ಕೇ!" ಎಂದು ಸಿಂಗಳೀಕಗಳ ಯಜಮಾನ ಹಲ್ಲು ಕಿರಿಯಿತು. ಆಮೇಲೆ ತನ್ನ ಹಿಂಡಿನತ್ತ ತಿರುಗಿ, "ಯಾರೂ ಉಸಿರೆತ್ತಕೂಡದು. ಕೂಗಿ ಎಂದು ಯಾರೇ ಹೇಳಲಿ, ನಂಬಬೇಡಿ. ನಾನೇ ಹೇಳಿದರೂ ನಂಬಬೇಡಿ. ನಿಮ್ಮನ್ನು ಪರೀಕ್ಷೆ ಮಾಡುತ್ತಿದ್ದೇನೆ ಅಂದುಕೊಳ್ಳಿ" ಎಂದಿತು.

"ನಿನ್ನನ್ನೂ ನಂಬಬಾರದೇ?" ನೀರುನಾಯಿ ಕೇಳಿತು.

"ನಿನ್ನನ್ನಂತೂ ಖಂಡಿತ ನಂಬಬಾರದು" ಎಂದಿತು ಯಜಮಾನ.

ದೋಣಿ ಎರಡೂ ದಡ ಸುತ್ತಿತು. ಒಂದು ಬಾಲವೂ ಕಾಣಲಿಲ್ಲ. ಬಂದವರು ಮುಖ ಸಣ್ಣಗೆ ಮಾಡಿಕೊಂಡು ಮರಳಿದರು.

ಮಳೆಗಾಲ ಮುಗಿದ ಮೇಲೆ ಇನ್ನೊಂದು ದೋಣಿ ಬಂತು. ಅದರ ತುಂಬ ಗರಗಸಗಳು. "ಸಿಂಗಳೀಕ ಇದ್ದಿದ್ದರೆ ಈ ಕಾಡು ಮುಟ್ಟುವ ಹಾಗಿರಲಿಲ್ಲ. ಇಲ್ಲಿ ಒಂದೂ ಇಲ್ಲವಂತೆ. ಕಡಿಯಿರಿ" ಎಂದ ಮೇಸ್ತ್ರಿ.

ಯಜಮಾನ ತುದಿಕೊಂಬೆಗೆ ನೆಗೆದು, "ಕೂಗಿ! ಎಲ್ಲರೂ ಕೂಗಿ! ನಾವಿದ್ದೇವೆಂದು ಗೊತ್ತಾಗಲಿ!" ಎಂದು ಅರಚಿತು.

ಮೇಸ್ತ್ರಿ ತಲೆಯೆತ್ತಿ ನೋಡಿದ. "ಯಾವುದೋ ದಾರಿ ತಪ್ಪಿದ ಒಂಟಿ ಕೋತಿ" ಎಂದು ಗರಗಸ ಎತ್ತಿಕೊಂಡ.

ಎಲೆಗಳ ಮರೆಯಲ್ಲಿ ತಾಯಿಯೊಂದು ತನ್ನ ಮರಿಯ ಬಾಯಿ ಒತ್ತಿ ಹಿಡಿದು ಪಿಸುಗುಟ್ಟಿತು: "ಸುಮ್ಮನಿರು ಕಂದ. ಯಜಮಾನರು ಪರೀಕ್ಷೆ ಮಾಡುತ್ತಿದ್ದಾರೆ."