ಗುಣಿಗಿಳಿದ ಕಾಶವ್ವ

ಕೇಳಿ. ಎಷ್ಟು ಹಿಂದೆ ಎಂದು ಮಾತ್ರ ಕೇಳಬೇಡಿ, ಅದು ನಮ್ಮಜ್ಜಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಬಿಳಿಮಡ್ಡಿ ಎಂಬ ಊರಿನಲ್ಲಿ ಕಾಶವ್ವ ಎಂಬ ಹುಡುಗಿ ಇದ್ದಳಂತೆ. ತಾಯಿ ಗುರುಸಿದ್ದವ್ವ ಮಗ್ಗದಲ್ಲಿ ಕೂತು ನೇಯುತ್ತಿದ್ದರೆ, ಈ ಹುಡುಗಿ ನೂಲಿನ ಹುರಿ ಬಿಚ್ಚಿ ಎಳೆ ಮಾಡಿ, ಎಳೆ ಬಿಚ್ಚಿ ಅರಳೆ ಮಾಡಿ, ಅರಳೆಯೊಳಗೆ ಏನಿದೆ ಎಂದು ಕೇಳುತ್ತಿದ್ದಳಂತೆ. ತಾಯಿ ಬೈಯಲಿಲ್ಲ. ನನಗೆ ಗೊತ್ತಿಲ್ಲ, ಗೊತ್ತಿದ್ದವರ ಕಡೆ ಹೋಗು ಎಂದು ಕಳಿಸಿದಳಂತೆ.

ಕಾಶವ್ವ ಹೋದಳು. ಹಡಗು ಹತ್ತಿ ಹೋದಳು. ಮೊದಲನೆಯ ದೇಶದ ವಿಶ್ವವಿದ್ಯಾಲಯದವರು ಅವಳ ಸೀರೆ ನೋಡಿ ನಕ್ಕು, ಗಾಜಿನ ಪಾತ್ರೆ ತೊಳೆಯಲು ಹಚ್ಚಿದರಂತೆ. ತೊಳೆಯುತ್ತಲೇ ಕಲಿತಳಂತೆ. ಕಣ್ಣಿಗೆ ಕಾಣದ ಅಣು, ಅದರ ಹೊಟ್ಟೆಯಲ್ಲೊಂದು ಬೀಜ. ಆ ಬೀಜ ಯಾಕೆ ಒಡೆಯುತ್ತದೆ, ಯಾಕೆ ಒಡೆಯದೆ ಉಳಿಯುತ್ತದೆ ಎಂದು ಅವಳು ಲೆಕ್ಕ ಹಾಕಿ ತೋರಿಸಿದಾಗ, ನಕ್ಕವರೇ ಎದ್ದು ನಿಂತು ಡಾಕ್ಟರ್ ಪದವಿ ಕೊಟ್ಟರಂತೆ.

ಎರಡನೆಯ ದೇಶ ಅವಳನ್ನು ಕರೆದು ಪ್ರೊಫೆಸರ್ ಮಾಡಿತು. ಆಮೇಲೆ ಅಲ್ಲಿನ ಸರದಾರರು ಬಂದು, ಆ ಬೀಜ ಒಡೆದು ಊರು ಸುಡುವ ಬಾಂಬು ಮಾಡಿಕೊಡು ಎಂದರಂತೆ. ಇವಳು ಒಲ್ಲೆ ಎಂದಳಂತೆ. ಮತ್ತೆ ಕೇಳಿದರಂತೆ, ಮತ್ತೆ ಒಲ್ಲೆ ಎಂದಳಂತೆ. ಕುರ್ಚಿ ಕಿತ್ತುಕೊಂಡು, ಪ್ರಯೋಗಶಾಲೆಗೆ ಬೀಗ ಜಡಿದು, ದೇಶದಿಂದಲೇ ಹೊರಗೆ ಹಾಕಿದರು, ಹಾಳಾದವರು. ಮೂರನೆಯ ದೇಶದಲ್ಲಿ, ತಲೆ ನರೆತ ಮೇಲೆ, ಮೊದಲಿನಿಂದ ಶುರು ಮಾಡಿದಳಂತೆ. ಯಾವ ಯಾವುದೋ ಭಾಷೆಯ ಮಕ್ಕಳು ಅವಳ ಮುಂದೆ ಕೂತು ಕಲಿತರಂತೆ.

ಇದೆಲ್ಲ ಬಿಳಿಮಡ್ಡಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಮಾತು: ಅಣು. ಪೇಪರನ್ನು ಅರ್ಧ ಓದಿದ ಯಮನಪ್ಪಗೌಡ ಚಾವಡಿಯಲ್ಲಿ ಕೂತು, ಅವಳ ಮೈಯೆಲ್ಲ ವಿಷ, ಅವಳು ಮುಟ್ಟಿದ ನೆಲದಲ್ಲಿ ಪೈರು ಬರುವುದಿಲ್ಲ ಎಂದನಂತೆ. ಊರು ನಂಬಿತು. ನಂಬಲಿಕ್ಕೆ ಊರಿಗೇನು ಕಷ್ಟ?

ತಾಯಿ ಹಾಸಿಗೆ ಹಿಡಿದಳೆಂದು ಕೇಳಿ ಕಾಶವ್ವ ಬಂದಳು. ಮಗಳ ಮುಖ ನೋಡಿ ತಾಯಿ ಕಣ್ಣು ಮುಚ್ಚಿದಳಂತೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಗುಣಿ ತೋಡಿ, ಒಳಗೆ ಕೂರಿಸಿ, ಪತ್ರಿ ಏರಿಸಿ, ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕುತ್ತಾರೆ. ಆ ಮಣ್ಣು ಹಾಕದ ಮಕ್ಕಳು ಮಕ್ಕಳೇ ಅಲ್ಲ. ಕಾಶವ್ವ ಮಣ್ಣಿಗೆ ಕೈ ಹಾಕಿದಾಗ ಗೌಡ ಕೋಲು ಅಡ್ಡ ಹಿಡಿದನಂತೆ.

"ಏ, ಮುಟ್ಟಬ್ಯಾಡ! ನಿನ್ನ ಬಾಂಬು ನಿನ್ನ ದೇಶದಾಗ ಇಟ್ಕೋ."

ಬಾಂಬು ಒಲ್ಲೆ ಎಂದು ಕುರ್ಚಿ ಕಳೆದುಕೊಂಡವಳಿಗೆ ಈ ಮಾತು! ಹೇಳುವಾಗ ಹಲ್ಲು ಕಡಿಯಬೇಕೆನಿಸುತ್ತದೆ, ಬಾಯಲ್ಲಿ ಹಲ್ಲಿಲ್ಲ.

ಕಾಶವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಗುಣಿಗೆ ಇಳಿದಳಂತೆ. ತಾಯಿಯ ಮಗ್ಗುಲಿಗೆ ಕೂತಳಂತೆ.

"ಹಾಕ್ರಿ ಮಣ್ಣು. ನಾ ವಿಷ ಇದ್ರ ನನ್ನ ಮ್ಯಾಲೂ ಹಾಕ್ರಿ. ಯಮನಪ್ಪ, ಮೊದಲ ನೀನ ಹಾಕಪಾ, ಗಂಡಸು ಅದಿಯಲ್ಲ."

ಒಬ್ಬನ ಕೈಯೂ ಏಳಲಿಲ್ಲ. ಬಿಸಿಲು ಇಳಿಯಿತು, ಆಗಲೂ ಏಳಲಿಲ್ಲ. ಕಡೆಗೆ ಊರಿನ ಹಣ್ಣು ಮುದುಕಿ, ಸೂಲಗಿತ್ತಿ ದುರಗವ್ವ ಗುಂಪು ಸೀಳಿಕೊಂಡು ಬಂದು ಗುಣಿಗೆ ಕೈ ಚಾಚಿದಳಂತೆ.

"ನೀ ಹುಟ್ಟಿದಾಗ ಮೊದಲ ಮುಟ್ಟಿದಾಕಿ ನಾನ. ಏಳ ನನ್ನವ್ವ."

ಅವಳನ್ನು ಮೇಲಕ್ಕೆಳೆದುಕೊಂಡು, ಗೌಡನ ಕಡೆ ತಿರುಗಿದಳಂತೆ.

"ಗೌಡ್ರ, ಈಕಿನ ಮುಟ್ಟೀನಿ. ನಿಮ್ಮ ಸೊಸಿಗೆ ದಿನ ತುಂಬ್ಯಾವು. ಈ ಕೈ ಬ್ಯಾಡಂದ್ರ ಈಗ ಹೇಳ್ರಿ."

ಗೌಡನ ಕೋಲು ಕೆಳಗಿಳಿಯಿತು. ಮೊದಲ ಹಿಡಿ ಮಣ್ಣು ಕಾಶವ್ವನೇ ಹಾಕಿದಳು. ಹಾಕಿ, ತಿರುಗಿ ನೋಡದೆ ಹೋದಳು. ಮತ್ತೆ ಬರಲಿಲ್ಲ. ಸತ್ತದ್ದು ಯಾವ ದೇಶದಲ್ಲೋ, ಅವಳಿಗೆ ಮಣ್ಣು ಹಾಕಿದವರು ಯಾರೋ.

ಈಗ ಗೌಡನ ಮರಿಮಕ್ಕಳು ನಮ್ಮೂರ ಕಾಶವ್ವ ಎಂದು ಶಾಲೆಗೆ ಅವಳ ಹೆಸರಿಟ್ಟು, ಬಾಗಿಲ ಕಲ್ಲಿನಲ್ಲಿ ತಮ್ಮ ಹೆಸರನ್ನು ಅವಳದಕ್ಕಿಂತ ದೊಡ್ಡದಾಗಿ ಕೆತ್ತಿಸಿದ್ದಾರಂತೆ. ಕೆತ್ತಿಸಿಕೊಳ್ಳಲಿ. ಹೆಂಗಸರು ಆ ಕಲ್ಲಿಗೆ ಕೈ ಮುಗಿಯುವುದಿಲ್ಲ. ಬಿಳಿಮಡ್ಡಿಯಲ್ಲಿ ಇವತ್ತಿಗೂ ಯಾರೇ ಸತ್ತರೂ, ದೂರ ಹೋದ ಮಗಳು ಬರುವ ತನಕ ಗುಣಿ ಮುಚ್ಚುವುದಿಲ್ಲ. ಮೊದಲ ಹಿಡಿ ಅವಳದೇ. ಗಂಡಸರು ಕಾಯುತ್ತಾರೆ. ಯಾವನಾದರೂ ಅವಸರ ಮಾಡಿದರೆ ಮುದುಕಿಯರು ಗುಣಿಯ ಕಡೆ ಕೈ ತೋರಿಸಿ ಕೇಳುತ್ತಾರಂತೆ: "ಇಳೀತಿಯೇನು?"