ಐದನೆಯ ತೂತು

"ಗುರುಗಳೇ, ಹೆಮ್ಮೆ ಪಡುವುದು ತಪ್ಪೇ?" ಎಂದು ಶಿಷ್ಯ ಕೇಳಿದ. ಹಿಂದಿನ ದಿನವಷ್ಟೇ ಅವನು ಊರಿನಲ್ಲಿ ತನ್ನ ಮೊದಲ ಪ್ರವಚನ ಮಾಡಿ ಬಂದಿದ್ದ. "ಕೂತವರೆಲ್ಲ ತಲೆದೂಗಿದರು. ಒಬ್ಬ ಮುದುಕ ಮಾತ್ರ ನಡುವೆ ಎದ್ದು ಹೋದ. ಪಾಪ, ಸೊಂಟನೋವು ಇದ್ದೀತು."

ಗುರು ನಕ್ಕು ಒಂದು ಕತೆ ಹೇಳಿದ.

ಒಂದೂರಿನಲ್ಲಿ ಒಬ್ಬ ಕೋವಿಗಾರನಿದ್ದ. ಅಂಗಡಿಯ ತೋಟಾ ಅವನಿಗೆ ಹಿಡಿಸದು. "ಅದು ಹೋಟೆಲ್ ಸಾರು, ನನ್ನದು ಮನೆ ಸಾರು" ಎನ್ನುತ್ತಿದ್ದ. ಹಿತ್ತಾಳೆಯ ಖಾಲಿ ಕೊಳವೆಗಳನ್ನು ತಂದು, ಮದ್ದು ತೂಗಿ ತುಂಬಿ, ಬಾಯಿಗೆ ಗುಂಡು ಕೂರಿಸಿ, ತೋಟಾವನ್ನು ತಾನೇ ಕಟ್ಟುತ್ತಿದ್ದ. ಅವನು ಮದ್ದು ತೂಗುವಾಗ ಮನೆಯಲ್ಲಿ ಯಾರೂ ಸೀನುವಂತಿರಲಿಲ್ಲ.

ಕಟ್ಟುವುದು ಅವನು, ಪಂದ್ಯದಲ್ಲಿ ಹೊಡೆಯುವುದು ಅವನ ಹೆಂಡತಿ. ಹೋದ ವರ್ಷ ಅವಳು ಕೂದಲೆಳೆಯಲ್ಲಿ ಸೋತಿದ್ದಳು. ಈ ಸಲವೂ ಸೋತರೆ ಕೋವಿಯನ್ನು ಅಟ್ಟಕ್ಕೆ ಹಾಕಿಬಿಡುತ್ತೇನೆ ಎಂದಿದ್ದಳು.

ಪಂದ್ಯ ಹತ್ತಿರ ಬಂತು. ಕೋವಿಗಾರ ಹೊಸ ತೋಟಾಗಳನ್ನು ಪರೀಕ್ಷಿಸಲು ಗುರಿಬಯಲಿಗೆ ಹೋದ. ಕೋವಿಯನ್ನು ಮರಳುಚೀಲದ ಮೇಲೆ ಊರಿ ಐದು ಗುಂಡು ಹೊಡೆದ. ನಾಲ್ಕು ಒಂದೇ ತೂತಿನಲ್ಲಿ ಹೊಕ್ಕವು. ಐದನೆಯದು ನಾಲ್ಕು ಬೆರಳು ಆಚೆ ಹೋಯಿತು. ಅವನು ಗುರಿಯ ಕಾಗದದ ಆ ಅಂಚನ್ನು ಹಿಂದಕ್ಕೆ ಮಡಚಿದ. ಮನೆಯ ಬಾಗಿಲಿಗೆ ಅಂಟಿಸಿ, ದಾರಿಹೋಕರನ್ನು ಕೂಗಿ ಕೂಗಿ ತೋರಿಸಿದ. ಅಂಗಿಯ ಹೊಲಿಗೆ ಬಿಚ್ಚುವಷ್ಟು ಅವನ ಎದೆ ಉಬ್ಬಿತ್ತು.

ಹೆಂಡತಿ ಬಂದು ಮಡಿಕೆ ಬಿಚ್ಚಿದಳು. "ಇದೇನು?"

"ಅದು ತೋಟಾದ ತಪ್ಪಲ್ಲ ಕಣೇ. ಸರಿಯಾಗಿ ಅದೇ ಹೊತ್ತಿಗೆ ನೊಣವೊಂದು ಮೂಗಿನ ಮೇಲೆ ಕೂತಿತು."

"ಪಂದ್ಯದಲ್ಲಿ ಐದನ್ನೂ ಎಣಿಸುತ್ತಾರೆ. ಆಗ ನೊಣವನ್ನು ಯಾರ ಹೆಸರಿಗೆ ಬರೆಸಲಿ?"

ಅವಳು ಐದರ ಇನ್ನೊಂದು ಕಟ್ಟು ತೆಗೆದುಕೊಂಡು ಗುರಿಬಯಲಿಗೆ ನಡೆದಳು. ಅವನು ಮೀಸೆ ತಿರುವುತ್ತ ಹಿಂದೆಯೇ ಹೋದ. ನಾಲ್ಕು ಒಂದೇ ತೂತಿಗೆ ಬಿದ್ದವು. ಐದನೆಯದು ಮತ್ತೆ ಅದೇ ನಾಲ್ಕು ಬೆರಳು ಆಚೆ.

"ನನ್ನ ಮೂಗಿನ ಮೇಲೆ ಏನೂ ಕೂತಿರಲಿಲ್ಲ" ಎಂದು ಅವಳು ಕೋವಿ ಕೆಳಗಿಟ್ಟಳು.

ಅವನ ಕೈ ಮೀಸೆಯಿಂದ ಇಳಿಯಿತು. ಹೊಸ ಕೊಳವೆ ಸಾಲದೆ ಹೋದಾಗ, ಪ್ರತಿ ಕಟ್ಟಿನ ಕೊನೆಗೊಂದರಂತೆ ಹಳೆಯ ಜಾತಿಯ ಕೊಳವೆಯನ್ನು ಸೇರಿಸಿದವನು ಅವನೇ. ಅದರ ಗೋಡೆ ದಪ್ಪ, ಒಳಗೆ ಜಾಗ ಕಡಿಮೆ. ಮದ್ದು ಅಷ್ಟೇ ಇದ್ದರೂ ಗುಂಡನ್ನು ಒದೆಯುವ ರೀತಿ ಬೇರೆ. ಯಾರಿಗೆ ತಿಳಿದೀತು ಎಂದುಕೊಂಡಿದ್ದ. ಮನೆಗೆ ಹೋದವನೇ ಹಳೆಯದನ್ನೆಲ್ಲ ಆರಿಸಿ ತೆಗೆದು, ಹೊಸ ಕೊಳವೆಗಳನ್ನೇ ಹುಡುಕಿ ತಂದು ಮತ್ತೆ ಕಟ್ಟಿದ.

ಪಂದ್ಯದ ದಿನ ಅವಳು ಹೊಡೆದ ಐದೂ ಗುಂಡುಗಳ ಗುರುತನ್ನು ಒಂದು ತುಳಸಿ ಎಲೆ ಮುಚ್ಚುತ್ತಿತ್ತು. ಅವಳು ಗೆದ್ದಳು. ಅವನು ಆ ಕಾಗದವನ್ನು ಬಾಗಿಲಿಗೆ ಅಂಟಿಸಿದ. ಪಕ್ಕದಲ್ಲೇ ಹಳೆಯದನ್ನೂ ಅಂಟಿಸಿದ, ಮಡಿಕೆ ಪೂರ್ತಿ ಬಿಚ್ಚಿ.

"ದಾರಿ ತಪ್ಪಿದ ಈ ಗುಂಡು ಯಾರದಯ್ಯಾ?" ಎಂದು ದಾರಿಹೋಕನೊಬ್ಬ ಕೆಣಕಿದ.

"ಅದೂ ನಮ್ಮದೇ" ಎಂದು ಅವನು ಮೀಸೆ ತಿರುವಿದ.

ಇಷ್ಟು ಕೇಳಿ ಶಿಷ್ಯನ ಮುಖ ಅರಳಿತು. "ಹಾಗಾದರೆ ಹೆಮ್ಮೆ ತಪ್ಪಲ್ಲ, ಅಲ್ಲವೇ ಗುರುಗಳೇ?"

ಗುರು ಕೇಳಿದ: "ಎದ್ದು ಹೋದ ಆ ಮುದುಕನ ಮನೆ ಯಾವ ಬೀದಿಯಲ್ಲಿದೆ?"

ಶಿಷ್ಯ ಎದ್ದು, ಮುದುಕನ ಮನೆ ಹುಡುಕಲು ಊರಿನ ದಾರಿ ಹಿಡಿದ.